ಬಿಯರ್ ಪಾತ್ರೆಗಳ ಶುಚಿ: ಕೊಳೆಯನ್ನು ಅರಿತು ಕ್ಲೀನರ್ ಆರಿಸುವುದು

ಮನೆಯಲ್ಲಿ ಬಿಯರ್ ತಯಾರಿಸುವವರು ತಮ್ಮತಮ್ಮಲ್ಲಿ ಹೆಚ್ಚಾಗಿ ಕೇಳಿಕೊಳ್ಳುವ ಪ್ರಶ್ನೆಗಳಲ್ಲಿ "ಪಾತ್ರೆ ತೊಳೆಯುವುದಕ್ಕೆ ಯಾವ ಪುಡಿ ಒಳ್ಳೆಯದು?" ಎಂಬುದೂ ಒಂದು. ಇಷ್ಟನ್ನೇ ಕೇಳಿದರೆ ಅದಕ್ಕೆ ಸರಿಯಾದ ಉತ್ತರ ಹೇಳಲಾಗುವುದಿಲ್ಲ. ಪಾತ್ರೆಗೆ ಅಂಟಿಕೊಂಡಿರುವುದು ಏನು, ಆ ಪಾತ್ರೆ ಯಾವುದರಿಂದ ಮಾಡಿದ್ದು ಎಂಬ ಎರಡು ಸಂಗತಿಗಳು ತಿಳಿದ ಮೇಲೆಯೇ ಯಾವ ಕ್ಲೀನರ್ ಎಂಬ ಮಾತು ಬರುತ್ತದೆ. ಯೀಸ್ಟ್ ಮತ್ತು ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) ಒಣಗಿ ಗಟ್ಟಿಯಾದ ಪ್ಲಾಸ್ಟಿಕ್ ಫರ್ಮೆಂಟರಿಗೆ, ಅಂದರೆ ಬಿಯರ್ ಹುದುಗುವ ಪಾತ್ರೆಗೆ, ಹೊಂದುವ ವಸ್ತು ಅಲ್ಯೂಮಿನಿಯಂ ಕುದಿಪಾತ್ರೆಯನ್ನು ಕೆಡಿಸಬಹುದು, ಮತ್ತು ಅದೇ ವಸ್ತು ಬಿಯರ್ ತುಂಬಿಡುವ ಸ್ಟೀಲ್ ಕೆಗ್ಗಿನ (ಪೀಪಾಯಿಯ) ಒಳಗೆ ಕಲ್ಲಿನಂತೆ ಕಟ್ಟಿಕೊಂಡ ಪದರದ ಮುಂದೆ ಏನೂ ಮಾಡಲಾರದೆ ಸೋಲಬಹುದು. ಆದ್ದರಿಂದ ಡಬ್ಬದ ಮೇಲಿನ ಹೆಸರಿಗಿಂತ ಮೊದಲು ಕೊಳೆಯ ಸ್ವಭಾವವನ್ನು ಅರಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅದಕ್ಕೂ ಮುಂಚೆ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕೊಳೆ ತೆಗೆಯುವುದು ಒಂದು ಕೆಲಸ, ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಬೇಕಾದದ್ದು ಕ್ಲೀನರ್, ಎರಡನೆಯದಕ್ಕೆ ಸ್ಯಾನಿಟೈಸರ್. ಮೊದಲನೆಯದು ಮುಗಿಯದೆ ಎರಡನೆಯದನ್ನು ಮಾಡಹೊರಟರೆ ಅದು ಗುಡಿಸದ ನೆಲವನ್ನು ಸಾರಿಸಿದಂತೆ ಆಗುತ್ತದೆ. ಇದಕ್ಕೆ ಎರಡು ಕಾರಣಗಳಿವೆ. ಒಣಗಿದ ಪ್ರೋಟೀನ್ ಮತ್ತು ಯೀಸ್ಟಿನ ಪದರದ ಅಡಿಯಲ್ಲಿ ಕುಳಿತ ಬ್ಯಾಕ್ಟೀರಿಯಾವನ್ನು ಸ್ಯಾನಿಟೈಸರ್ ತಲುಪುವುದೇ ಇಲ್ಲ ಎಂಬುದು ಒಂದು. ಕ್ಲೋರಿನ್, ಅಯೋಡಿನ್ ಮುಂತಾದವು ಎದುರಿಗೆ ಸಿಕ್ಕ ಸಾವಯವ ವಸ್ತುವಿನೊಂದಿಗೆಲ್ಲ ವರ್ತಿಸಿ, ಜೀವಿಗಳ ಬಳಿ ಹೋಗುವ ಮೊದಲೇ ಖರ್ಚಾಗಿಬಿಡುತ್ತವೆ ಎಂಬುದು ಇನ್ನೊಂದು. ಬ್ಯಾಕ್ಟೀರಿಯಾಗಳು ಮೇಲ್ಮೈಗೆ ಅಂಟಿಕೊಂಡು ತಮ್ಮ ಸುತ್ತ ಲೋಳೆಯಂಥ ಹೊದಿಕೆಯನ್ನು ಕಟ್ಟಿಕೊಳ್ಳುವುದೂ ಉಂಟು. ಈ ಹೊದಿಕೆಗೆ ಬಯೋಫಿಲ್ಮ್ ಎನ್ನುತ್ತಾರೆ. ಇದನ್ನು ಕ್ಲೀನರ್ ಮತ್ತು ಉಜ್ಜುವಿಕೆಯಿಂದ ಕಿತ್ತು ತೆಗೆಯಬೇಕೇ ಹೊರತು ಸ್ಯಾನಿಟೈಸರ್ ಸುರಿದು ಕರಗಿಸಲಾಗದು.

ಶುಚಿಗೆ ಇಷ್ಟು ಮಹತ್ವ ಏಕೆಂದರೆ, ಕುದಿಸಿ ತಣಿಸಿದ ವರ್ಟ್ (ಮಾಲ್ಟಿನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದಿಂದ, ತೆಗೆದ ಸಿಹಿ ರಸ) ಎಂಬುದು ಸಕ್ಕರೆ, ಅಮೈನೋ ಆಮ್ಲ, ಖನಿಜಗಳೆಲ್ಲ ತುಂಬಿದ ದ್ರವ. ನಾವು ಹಾಕಿದ ಯೀಸ್ಟ್ ಬೆಳೆದು, ಆಲ್ಕೋಹಾಲ್ ಉಂಟುಮಾಡಿ, ಆಮ್ಲೀಯತೆಯನ್ನು ಏರಿಸುವವರೆಗಿನ ಅವಧಿಯಲ್ಲಿ ಅದು ಎಲ್ಲ ಜೀವಿಗಳಿಗೂ ತೆರೆದ ಅನ್ನಛತ್ರವೇ ಸರಿ. ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ 1883ರಲ್ಲಿ ಒಂದೇ ಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸಿ ತೋರಿಸಿದಾಗ, ಬಿಯರ್ ಕೆಡುವುದಕ್ಕೆ ಬ್ಯಾಕ್ಟೀರಿಯಾ ಮಾತ್ರವಲ್ಲದೆ ಕಾಡು ಯೀಸ್ಟ್ ಕೂಡ ಕಾರಣ ಎಂಬುದು ಖಚಿತವಾಯಿತು. ಇಂದಿಗೂ ನಮ್ಮ ಪಾತ್ರೆಗಳಲ್ಲಿ ನಾವು ಎದುರಿಸುವುದು ಅವೇ ಜೀವಿಗಳನ್ನು: ಹುಳಿ ಹುಟ್ಟಿಸುವ ಲ್ಯಾಕ್ಟೋಬ್ಯಾಸಿಲಸ್ ಮತ್ತು ಪೀಡಿಯೋಕಾಕಸ್, ಬಾಟಲಿಗೆ ತುಂಬಿದ ಮೇಲೂ ಉಳಿದ ಸಕ್ಕರೆಯನ್ನು ತಿನ್ನುತ್ತ ಅನಿಲದ ಒತ್ತಡವನ್ನು ಏರಿಸುವ ಕಾಡು ಯೀಸ್ಟ್, ಗಾಳಿ ಸಿಕ್ಕರೆ ಆಲ್ಕೋಹಾಲನ್ನು ವಿನೆಗರ್ ಮಾಡುವ ಅಸಿಟೋಬ್ಯಾಕ್ಟರ್.

ಇನ್ನು ಕೊಳೆಯ ವಿಚಾರ. ಹುದುಗುವಾಗ ಮೇಲೆದ್ದ ನೊರೆ ಇಳಿದ ನಂತರ ಫರ್ಮೆಂಟರಿನ ಕುತ್ತಿಗೆಯಲ್ಲಿ ಕಂದು ಬಣ್ಣದ ಉಂಗುರವೊಂದು ಉಳಿಯುತ್ತದೆ. ಅದರಲ್ಲಿ ಪ್ರೋಟೀನ್, ಸತ್ತ ಯೀಸ್ಟ್ ಮತ್ತು ಹಾಪ್ಸಿನ ಅಂಟು ರಾಳ ಇವು ಮೂರೂ ಬೆರೆತಿರುತ್ತವೆ. ಹಾಪ್ಸಿಗೆ ಕಹಿ ಕೊಡುವ ಈ ರಾಳಗಳು ಸ್ವತಃ ದುರ್ಬಲ ಆಮ್ಲಗಳು. ತಣ್ಣೀರಿನಲ್ಲಿ ಅವು ಸರಿಯಾಗಿ ಕರಗುವುದಿಲ್ಲ, ಆದರೆ ಕ್ಷಾರದ ದ್ರಾವಣದಲ್ಲಿ ಲವಣವಾಗಿ ಮಾರ್ಪಟ್ಟು ಸುಲಭವಾಗಿ ಕರಗುತ್ತವೆ. ಪ್ರೋಟೀನ್ ಕೂಡ ಕ್ಷಾರದಲ್ಲಿ ಉಬ್ಬಿ, ಸಡಿಲಗೊಂಡು, ಚೂರಾಗಿ ಬಿಡಿಸಿಕೊಳ್ಳುತ್ತದೆ. ಬಿಯರ್ ಪಾತ್ರೆಗಳಿಗೆಂದು ಮಾರುವ ಕ್ಲೀನರುಗಳಲ್ಲಿ ಹೆಚ್ಚಿನವು ಕ್ಷಾರೀಯವಾಗಿರುವುದಕ್ಕೆ ಇದೇ ಕಾರಣ. ಸಕ್ಕರೆಯ ಅಂಟಿಗೆ ಮಾತ್ರ ಯಾವ ರಾಸಾಯನಿಕವೂ ಬೇಡ, ಬೆಚ್ಚಗಿನ ನೀರು ಸಾಕು, ಆದರೆ ಅದು ಒಣಗುವ ಮೊದಲೇ ಹಾಕಬೇಕು.

ಇದಕ್ಕೆ ಸಂಪೂರ್ಣ ವಿರುದ್ಧ ಸ್ವಭಾವದ ಕೊಳೆಯೂ ಒಂದುಂಟು. ಮಾಲ್ಟಿನಲ್ಲಿರುವ ಆಕ್ಸಲೇಟ್ ನೀರಿನ ಕ್ಯಾಲ್ಸಿಯಂನೊಂದಿಗೆ ಸೇರಿ ಕ್ಯಾಲ್ಸಿಯಂ ಆಕ್ಸಲೇಟ್ ಆಗುತ್ತದೆ, ಮತ್ತು ಅದು ಪ್ರೋಟೀನನ್ನು ಜೊತೆಗೆ ಹಿಡಿದುಕೊಂಡು ಸ್ಟೀಲಿನ ಮೇಲೆ ತೆಳುವಾದ ಬೂದು ಅಥವಾ ಕಂದುಬಿಳಿಯ ಪದರವಾಗಿ ಕೂರುತ್ತದೆ. ಇದನ್ನು ಬ್ರೂಯಿಂಗ್ ಬಲ್ಲವರು ಬಿಯರ್ ಸ್ಟೋನ್ ಎಂದು ಕರೆಯುತ್ತಾರೆ. ಪಾತ್ರೆ ಒದ್ದೆಯಾಗಿರುವಾಗ ಅದು ಕಣ್ಣಿಗೆ ಬೀಳುವುದಿಲ್ಲ, ಒಣಗಿದ ಮೇಲೆ ಬೆಳಕಿಗೆ ಹಿಡಿದರೆ ಕಾಣುತ್ತದೆ, ಬೆರಳಾಡಿಸಿದರೆ ತರಿತರಿಯಾಗಿ ತಾಗುತ್ತದೆ. ಕ್ಷಾರದಲ್ಲಿ ಎಷ್ಟು ಹೊತ್ತು ನೆನೆಸಿದರೂ ಅದರ ಖನಿಜದ ಭಾಗ ಕರಗದು, ಅದಕ್ಕೆ ಆಮ್ಲವೇ ಬೇಕು. ಗಡಸು ನೀರನ್ನು ಕಾಯಿಸಿದಾಗ ಪಾತ್ರೆಯ ತಳದಲ್ಲಿ ಕಟ್ಟುವ ಸುಣ್ಣದ ಪದರವೂ ಇದೇ ಗುಂಪಿಗೆ ಸೇರಿದ್ದು.

ಯಾವುದೇ ತೊಳೆಯುವಿಕೆಯಲ್ಲಿ ನಾಲ್ಕು ಅಂಶಗಳು ಸೇರಿ ಕೆಲಸ ಮಾಡುತ್ತವೆ: ರಾಸಾಯನಿಕ, ಉಷ್ಣತೆ, ಉಜ್ಜುವ ಬಲ ಮತ್ತು ಸಮಯ. ಜರ್ಮನಿಯ ಹರ್ಬರ್ಟ್ ಸಿನ್ನರ್ ಇದನ್ನು ಒಂದು ವೃತ್ತವಾಗಿ ವಿವರಿಸಿದ್ದರಿಂದ ಅದಕ್ಕೆ ಸಿನ್ನರ್ ವೃತ್ತ ಎಂಬ ಹೆಸರು ಬಂದಿದೆ. ಇವುಗಳಲ್ಲಿ ಒಂದನ್ನು ಕಡಿಮೆ ಮಾಡಿದರೆ ಉಳಿದವುಗಳಲ್ಲಿ ಯಾವುದನ್ನಾದರೂ ಹೆಚ್ಚಿಸಿ ಸರಿದೂಗಿಸಬೇಕು ಎಂಬುದು ಅದರ ಸಾರ. ದೊಡ್ಡ ಬ್ರೂವರಿಗಳಿಗೆ ಸಮಯ ದುಬಾರಿ, ಆದ್ದರಿಂದ ಅವರು ತೀಕ್ಷ್ಣ ರಾಸಾಯನಿಕವನ್ನು ಬಿಸಿ ಮಾಡಿ, ಪಂಪಿನ ಬಲದಿಂದ ಚಿಮ್ಮಿಸಿ ಬೇಗನೆ ಮುಗಿಸುತ್ತಾರೆ. ಮನೆಯಲ್ಲಿ ಮಾಡುವವರ ಬಳಿ ಧಾರಾಳವಾಗಿರುವುದು ಸಮಯವೇ. ರಾತ್ರಿ ನೆನೆಸಿಟ್ಟು ಬೆಳಿಗ್ಗೆ ತೊಳೆಯುವ ಅನುಕೂಲ ಇರುವವರು ಕೈ ಸುಡುವಂಥ ಕಾಸ್ಟಿಕ್ ಸೋಡಾವನ್ನು ಮನೆಗೆ ತರುವ ಅಗತ್ಯವೇ ಇಲ್ಲ ಎಂದು ನಾನು ನಂಬುತ್ತೇನೆ.

ಹಾಗಾದರೆ ದಿನನಿತ್ಯದ ಬಳಕೆಗೆ ಯಾವುದು? ನನ್ನ ಆಯ್ಕೆ ಸೋಡಿಯಂ ಪರ್‌ಕಾರ್ಬೊನೇಟ್. ಇದು ವಾಷಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಒಂದೇ ಹರಳಿನಲ್ಲಿ ಬೆಸೆದುಕೊಂಡಿರುವ ಪುಡಿ. ನೀರಿಗೆ ಹಾಕಿದೊಡನೆ ಎರಡೂ ಬೇರೆಯಾಗುತ್ತವೆ. ಸೋಡಾ ದ್ರಾವಣದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಮೌಲ್ಯವನ್ನು ಸುಮಾರು 10.5ಕ್ಕೆ ಏರಿಸಿ ರಾಳ ಮತ್ತು ಪ್ರೋಟೀನನ್ನು ಸಡಿಲಿಸಿದರೆ, ಪೆರಾಕ್ಸೈಡ್ ಆಮ್ಲಜನಕವನ್ನು ಬಿಡುತ್ತ ಕಲೆಗಳನ್ನು ಒಡೆಯುತ್ತದೆ. ಏಳುವ ಸಣ್ಣ ಗುಳ್ಳೆಗಳು ಕೊಳೆಯ ಅಡಿಯಿಂದ ನುಗ್ಗಿ ಅದನ್ನು ಮೇಲೆತ್ತುವುದನ್ನು ಗಾಜಿನ ಪಾತ್ರೆಯಲ್ಲಿ ಕಣ್ಣಾರೆ ನೋಡಬಹುದು. ಕೆಲಸ ಮುಗಿದ ಮೇಲೆ ಉಳಿಯುವುದು ನೀರು, ಆಮ್ಲಜನಕ ಮತ್ತು ವಾಷಿಂಗ್ ಸೋಡಾ ಮಾತ್ರ. ಕಟುವಾಸನೆಯಾಗಲಿ, ಬಿಯರಿಗೆ ಅಂಟುವ ಪರಿಮಳವಾಗಲಿ ಇರುವುದಿಲ್ಲ.

ಇದನ್ನು ಬಳಸುವ ಕ್ರಮದಲ್ಲಿ ಕೆಲವು ಸೂಕ್ಷ್ಮಗಳಿವೆ. ಸಾಧಾರಣ ಕೊಳೆಗೆ ಲೀಟರಿಗೆ 5 ಗ್ರಾಂ, ಗಟ್ಟಿಯಾದ ಕೊಳೆಗೆ 10 ಗ್ರಾಂ ಲೆಕ್ಕದಲ್ಲಿ ಪುಡಿಯನ್ನು ತೂಕ ಮಾಡಿ ಹಾಕುವುದು ಒಳ್ಳೆಯದು, ಏಕೆಂದರೆ ಪುಡಿಯ ಕಾಳಿನ ಗಾತ್ರಕ್ಕೆ ತಕ್ಕಂತೆ ಒಂದು ಚಮಚದ ತೂಕ ಬದಲಾಗುತ್ತದೆ. ಸ್ಟೀಲ್ ಪಾತ್ರೆಯಾದರೆ 50ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಉತ್ತಮ. ತಣ್ಣೀರಿನಲ್ಲಿ ಕ್ರಿಯೆ ನಿಧಾನ, ಕುದಿಯುವ ನೀರಿನಲ್ಲಿ ಆಮ್ಲಜನಕವೆಲ್ಲ ಕೆಲವೇ ನಿಮಿಷಗಳಲ್ಲಿ ಹಾರಿಹೋಗಿ ಬರಿಯ ವಾಷಿಂಗ್ ಸೋಡಾದ ನೀರು ಉಳಿಯುತ್ತದೆ. ಪುಡಿ ಪೂರ್ತಿ ಕರಗಿದ ಮೇಲೆಯೇ ಪಾತ್ರೆಗೆ ಸುರಿಯಬೇಕು, ಇಲ್ಲವಾದರೆ ಅದು ತಳದಲ್ಲಿ ಗಟ್ಟಿಕಟ್ಟಿಕೊಂಡು ಅದನ್ನು ಎಬ್ಬಿಸುವುದೇ ಹೊಸ ಕೆಲಸವಾಗುತ್ತದೆ. ದ್ರಾವಣ ಕೆಲವು ಗಂಟೆಗಳಲ್ಲಿ ತನ್ನ ಆಮ್ಲಜನಕವನ್ನು ಕಳೆದುಕೊಳ್ಳುವುದರಿಂದ ಪ್ರತಿ ಸಲವೂ ಹೊಸದಾಗಿ ಕಲಸಬೇಕು, ಉಳಿದದ್ದನ್ನು ಮುಂದಿನ ವಾರಕ್ಕೆ ಎತ್ತಿಡುವುದರಲ್ಲಿ ಪ್ರಯೋಜನವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ದ್ರಾವಣ ತುಂಬಿದ ಪಾತ್ರೆಯ ಮುಚ್ಚಳವನ್ನು ಎಂದಿಗೂ ಬಿಗಿಯಬಾರದು. ಹೊರಬರುವ ಆಮ್ಲಜನಕಕ್ಕೆ ದಾರಿ ಇಲ್ಲದಿದ್ದರೆ ಒತ್ತಡ ಏರಿ ಬಾಟಲಿ ಸಿಡಿಯಬಹುದು.

ಬಟ್ಟೆ ಒಗೆಯುವುದಕ್ಕೆ ಮಾರುವ ಆಮ್ಲಜನಕಯುಕ್ತ ಬ್ಲೀಚ್ ಪುಡಿಗಳ ಮುಖ್ಯ ಅಂಶವೂ ಇದೇ. ಆದರೆ ಅವುಗಳಲ್ಲಿ ಹಲವಕ್ಕೆ ಪರಿಮಳ, ಬಣ್ಣದ ಕಾಳುಗಳು, ಬಟ್ಟೆಯನ್ನು ಬಿಳುಪಾಗಿ ಕಾಣಿಸುವ ರಾಸಾಯನಿಕಗಳು ಬೆರೆತಿರುತ್ತವೆ. ಪರಿಮಳವು ಪ್ಲಾಸ್ಟಿಕ್ಕಿನೊಳಗೆ ಇಳಿದರೆ ಮತ್ತೆ ಹೊರಬರುವುದು ಕಷ್ಟ. ಪರಿಮಳ ಮತ್ತು ಬಣ್ಣ ಸೇರಿಸದ ಪುಡಿ ಎಂದು ಖಚಿತವಾದರೆ ಮಾತ್ರ ಅದನ್ನು ಬಳಸಬಹುದು.

ಪರ್‌ಕಾರ್ಬೊನೇಟಿಗೆ ಎರಡು ದೌರ್ಬಲ್ಯಗಳಿವೆ. ಗಡಸು ನೀರಿನಲ್ಲಿ ಅದರ ಕಾರ್ಬೊನೇಟ್ ಕ್ಯಾಲ್ಸಿಯಂನೊಂದಿಗೆ ಸೇರಿ ಪಾತ್ರೆಯ ಮೇಲೆ ಬಿಳಿಯ ಪುಡಿಯನ್ನು ಬಿಡುತ್ತದೆ. ಜೊತೆಗೆ ಅಲ್ಯೂಮಿನಿಯಂ ಅದರಿಂದ ಕಪ್ಪಾಗುತ್ತದೆ. ಬ್ರೂಯಿಂಗ್‌ಗೆಂದೇ ತಯಾರಿಸಿದ ಮಿಶ್ರಣಗಳು ಇದ್ದರೆ ಅನುಕೂಲವೆನಿಸುವುದು ಇಲ್ಲಿಯೇ. ಮನೆ ಬ್ರೂಯಿಂಗ್ ವಲಯದಲ್ಲಿ ಬಹಳ ಪರಿಚಿತವಾದ ಪಿಬಿಡಬ್ಲ್ಯೂ ಎಂಬ ಪುಡಿಯಲ್ಲಿ ಪರ್‌ಕಾರ್ಬೊನೇಟಿನ ಜೊತೆಗೆ ಸೋಡಿಯಂ ಮೆಟಾಸಿಲಿಕೇಟ್, ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಚೀಲೇಟಿಂಗ್ ವಸ್ತುಗಳು ಹಾಗೂ ನೀರನ್ನು ಕೊಳೆಯೊಳಗೆ ಇಳಿಸುವ ಸರ್ಫ್ಯಾಕ್ಟೆಂಟ್ ಇರುತ್ತವೆ. ಮೆಟಾಸಿಲಿಕೇಟ್ ಎರಡು ಕೆಲಸ ಮಾಡುತ್ತದೆ: ಕ್ಷಾರವನ್ನು ಇನ್ನಷ್ಟು ತೀಕ್ಷ್ಣಗೊಳಿಸುತ್ತದೆ, ಮತ್ತು ಲೋಹದ ಮೇಲೆ ತೆಳುವಾದ ಸಿಲಿಕೇಟ್ ಪದರ ಕಟ್ಟಿ ಅಲ್ಯೂಮಿನಿಯಂ ಸವೆಯದಂತೆ ತಡೆಯುತ್ತದೆ. ತೂಕದಲ್ಲಿ 70 ಭಾಗ ಪರ್‌ಕಾರ್ಬೊನೇಟಿಗೆ 30 ಭಾಗ ಮೆಟಾಸಿಲಿಕೇಟ್ ಬೆರೆಸಿ ಇದೇ ರೀತಿಯ ಪುಡಿಯನ್ನು ತಾವೇ ಮಾಡಿಕೊಳ್ಳುವವರೂ ಇದ್ದಾರೆ. ಅದು ಕೆಲಸ ಮಾಡುತ್ತದೆ, ಆದರೆ ಮೆಟಾಸಿಲಿಕೇಟಿನ ದೂಳು ಕಣ್ಣಿಗೂ ಶ್ವಾಸಕ್ಕೂ ತೀವ್ರವಾಗಿ ಉರಿ ತರುವಂಥದ್ದಾದ್ದರಿಂದ ಕನ್ನಡಕ, ಮುಖಗವಸು, ಕೈಗವಸುಗಳಿಲ್ಲದೆ ಆ ಡಬ್ಬವನ್ನು ತೆರೆಯಲೇಬಾರದು.

ಬರಿಯ ವಾಷಿಂಗ್ ಸೋಡಾ ಅಗ್ಗ, ಜಿಡ್ಡಿಗೆ ಒಳ್ಳೆಯದು, ಒಣಗಿದ ಹಾಪ್ಸಿನ ಉಂಗುರಕ್ಕೆ ಸಾಲದು. ಅಡುಗೆ ಸೋಡಾ ಬಹಳ ಸೌಮ್ಯವಾದ ಕ್ಷಾರ, ಮೃದುವಾಗಿ ಉಜ್ಜಲು ಬೇಕಾದರೆ ಮಾತ್ರ ಉಪಯೋಗ. ಪಾತ್ರೆ ತೊಳೆಯುವ ಸಾಮಾನ್ಯ ದ್ರವವನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ, ಹೊರಮೈಯ ಜಿಡ್ಡಿಗೆ ಅದು ಸಾಕು. ಆದರೆ ಬಿಯರ್ ತಾಗುವ ಒಳಮೈಯಲ್ಲಿ ಅದರ ಅಂಶ ಉಳಿದರೆ ಬಿಯರಿನ ನೊರೆ ನಿಲ್ಲುವುದಿಲ್ಲ, ಮತ್ತು ಅದರ ಪರಿಮಳದ ತೊಂದರೆಯೂ ಜೊತೆಗೆ ಬರುತ್ತದೆ.

ಕಾಸ್ಟಿಕ್ ಸೋಡಾದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ "ಬ್ರೂವರಿಗಳಲ್ಲೇ ಬಳಸುತ್ತಾರಲ್ಲ" ಎಂಬ ಮಾತು ಆಗಾಗ ಕೇಳಿಬರುತ್ತದೆ. ಅಲ್ಲಿ ಬಳಸುವುದು ಮುಚ್ಚಿದ ಕೊಳವೆಗಳಲ್ಲಿ, ತರಬೇತಿ ಪಡೆದ ಕೈಗಳಿಂದ. ಇದು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕಳೆಯಬಹುದು, ಅಲ್ಯೂಮಿನಿಯಂನೊಂದಿಗೆ ವರ್ತಿಸಿ ಹೈಡ್ರೋಜನ್ ಅನಿಲ ಬಿಡುಗಡೆ ಮಾಡುತ್ತದೆ, ಗಾಜನ್ನೂ ನಿಧಾನವಾಗಿ ಕೊರೆಯುತ್ತದೆ. ನೀರಿಗೆ ಸೇರಿಸುವಾಗ ವಿಪರೀತ ಶಾಖ ಹುಟ್ಟುವುದರಿಂದ ತಣ್ಣೀರಿಗೆ ಸ್ವಲ್ಪಸ್ವಲ್ಪವಾಗಿ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಇನ್ನೊಂದು ಅಪಾಯ ಅಷ್ಟಾಗಿ ಗೊತ್ತಿಲ್ಲದ್ದು: ಕಾರ್ಬನ್ ಡೈಆಕ್ಸೈಡ್ ತುಂಬಿದ ಮುಚ್ಚಿದ ಪಾತ್ರೆಗೆ ಕಾಸ್ಟಿಕ್ ದ್ರಾವಣವನ್ನು ಬಿಟ್ಟರೆ ಅದು ಆ ಅನಿಲವನ್ನು ವೇಗವಾಗಿ ಹೀರಿಕೊಂಡು ಕಾರ್ಬೊನೇಟ್ ಆಗಿಬಿಡುತ್ತದೆ. ಇದರಿಂದ ದ್ರಾವಣವೂ ದುರ್ಬಲವಾಗುತ್ತದೆ, ಒಳಗೆ ನಿರ್ವಾತ ಉಂಟಾಗಿ ತೆಳುವಾದ ದೊಡ್ಡ ಟ್ಯಾಂಕುಗಳು ಒಳಕ್ಕೆ ಕುಸಿಯುವುದೂ ಉಂಟು. ಹುದುಗುವಿಕೆ ಮುಗಿದ ಪಾತ್ರೆಯನ್ನು ಯಾವುದೇ ಕ್ಷಾರದಿಂದ ತೊಳೆಯುವ ಮೊದಲು ನೀರು ತುಂಬಿ ಚೆಲ್ಲಿ, ಒಳಗಿನ ಅನಿಲವನ್ನು ಹೊರಹಾಕುವುದು ಒಳ್ಳೆಯ ಅಭ್ಯಾಸ.

ಬಿಯರ್ ಸ್ಟೋನ್ ಮತ್ತು ಸುಣ್ಣದ ಪದರಕ್ಕೆ ಬೇಕಾದ ಆಮ್ಲಗಳಲ್ಲಿ ಮನೆಗೆ ಹೊಂದುವುದು ಸಿಟ್ರಿಕ್ ಆಮ್ಲ. ಲೀಟರಿಗೆ 10ರಿಂದ 20 ಗ್ರಾಂ ಕರಗಿಸಿ ಬೆಚ್ಚಗೆ ನೆನೆಸಿದರೆ ಸುಣ್ಣ ಬೇಗ ಬಿಡುತ್ತದೆ, ಬಿಯರ್ ಸ್ಟೋನ್ ನಿಧಾನವಾಗಿ ಬಿಡುತ್ತದೆ. ಹಳೆಯ ಗಟ್ಟಿ ಪದರಕ್ಕೆ ಫಾಸ್ಫಾರಿಕ್ ಅಥವಾ ನೈಟ್ರಿಕ್ ಆಮ್ಲ ಬೆರೆತ ಬ್ರೂವರಿ ಕ್ಲೀನರುಗಳಿವೆ, ಅವುಗಳ ಡಬ್ಬದ ಮೇಲೆ ಬರೆದ ಪ್ರಮಾಣವನ್ನು ಅಕ್ಷರಶಃ ಪಾಲಿಸಬೇಕು. ಪ್ರೋಟೀನ್ ಬೆರೆತ ಪದರವಾದ್ದರಿಂದ ಮೊದಲು ಕ್ಷಾರದಿಂದ ತೊಳೆದು, ಚೆನ್ನಾಗಿ ಜಾಲಾಡಿ, ಆನಂತರ ಆಮ್ಲ ಹಾಕಬೇಕು. ಎರಡನ್ನೂ ಒಟ್ಟಿಗೆ ಬೆರೆಸಿದರೆ ಒಂದನ್ನೊಂದು ಕೊಂದುಕೊಂಡು ಬರಿಯ ಉಪ್ಪು ನೀರು ಉಳಿಯುತ್ತದೆ. ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಬುಸುಗುಡುವ ನೊರೆಯನ್ನು ಕ್ಲೀನರ್ ಎಂದು ಹೊಗಳುವ ಸಲಹೆಗೆ ಹುರುಳಿಲ್ಲದಿರುವುದು ಈ ಕಾರಣದಿಂದಲೇ.

ಪಾತ್ರೆ ಯಾವುದರಿಂದ ಮಾಡಿದ್ದು ಎಂಬುದು ಎರಡನೆಯ ಪ್ರಶ್ನೆ. ಪ್ಲಾಸ್ಟಿಕ್ಕಿನ ಪರಮ ಶತ್ರು ಗೀರು. ಒರಟು ಬ್ರಷ್, ಉಕ್ಕಿನ ನಾರು, ಪಾತ್ರೆಯ ಒಳಗೆ ಇನ್ನೇನನ್ನಾದರೂ ಜೋಡಿಸಿಡುವುದು ಇವೆಲ್ಲ ಸಣ್ಣ ಗೀರುಗಳನ್ನು ಮಾಡುತ್ತವೆ, ಮತ್ತು ಆ ಗೀರುಗಳೊಳಗೆ ಕುಳಿತ ಬ್ಯಾಕ್ಟೀರಿಯಾವನ್ನು ತೆಗೆಯುವುದು ಬಹಳ ಕಷ್ಟ. ಆದ್ದರಿಂದ ಪ್ಲಾಸ್ಟಿಕ್ ಫರ್ಮೆಂಟರನ್ನು ಉಜ್ಜದೆ ನೆನೆಸಬೇಕು, ಕೊನೆಗೆ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಪೆಟ್ ಪ್ಲಾಸ್ಟಿಕ್ಕಿನ ಪಾತ್ರೆಗಳು ಬಿಸಿಗೆ ಸೊಟ್ಟಗಾಗುವುದರಿಂದ ಅವಕ್ಕೆ ಉಗುರು ಬೆಚ್ಚಗಿನ ನೀರು ಮತ್ತು ಹೆಚ್ಚು ಸಮಯ ಎಂಬ ನಿಯಮ. ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟ್ ಭಾಗಗಳಿಗೆ ಆಲ್ಕೋಹಾಲ್ ತಾಗಿದರೆ ಕೂದಲೆಳೆಯಂಥ ಬಿರುಕುಗಳು ಕಾಣಿಸಿಕೊಳ್ಳಬಹುದು.

ಸ್ಟೇನ್‌ಲೆಸ್ ಸ್ಟೀಲ್ ಕ್ಷಾರಕ್ಕೂ ಸಾಮಾನ್ಯ ಆಮ್ಲಗಳಿಗೂ ಜಗ್ಗುವುದಿಲ್ಲ, ಆದರೆ ಕ್ಲೋರಿನ್ ಬ್ಲೀಚಿಗೆ ಸೋಲುತ್ತದೆ. ಅದರಲ್ಲಿರುವ ಕ್ಲೋರೈಡ್ ಸ್ಟೀಲನ್ನು ಕಾಪಾಡುವ ಕ್ರೋಮಿಯಂ ಆಕ್ಸೈಡ್ ಪದರವನ್ನು ಅಲ್ಲಲ್ಲಿ ಭೇದಿಸಿ ಸೂಜಿಮೊನೆಯಂಥ ಗುಂಡಿಗಳನ್ನು ಕೊರೆಯುತ್ತದೆ, ಅದರಲ್ಲೂ ದ್ರಾವಣವನ್ನು ಗಂಟೆಗಟ್ಟಲೆ ಹಾಗೇ ಬಿಟ್ಟಾಗ. ಅಲ್ಯೂಮಿನಿಯಂ ಪಾತ್ರೆಯ ಒಳಗಿನ ಮಾಸಲು ಬೂದುಬಣ್ಣ ಕೊಳೆಯಲ್ಲ, ಅದು ಲೋಹವನ್ನು ಕಾಯುವ ಆಕ್ಸೈಡ್ ಪದರ. ಅದನ್ನು ಹೊಳೆಯುವಂತೆ ತಿಕ್ಕಿ ತೆಗೆಯುವುದರಿಂದ ಲಾಭವಿಲ್ಲ, ನಷ್ಟವಿದೆ. ವರ್ಟನ್ನು ತಣಿಸುವ ತಾಮ್ರದ ಚಿಲ್ಲರನ್ನೂ ಪ್ರತಿ ಸಲ ಮಿರಮಿರ ಮಿಂಚಿಸಬೇಕಿಲ್ಲ, ಕಂದು ಬಣ್ಣವಿದ್ದರೆ ಚಿಂತೆಯಿಲ್ಲ. ಹಸಿರು ಕಿಲುಬು ಕಂಡರೆ ಮಾತ್ರ ವಿನೆಗರ್ ಅಥವಾ ಸಿಟ್ರಿಕ್ ಆಮ್ಲದಿಂದ ತೊಳೆದು ತೆಗೆಯಲೇಬೇಕು, ಏಕೆಂದರೆ ಅದು ಸ್ವಲ್ಪ ಆಮ್ಲೀಯವಾದ ವರ್ಟಿನಲ್ಲಿ ಕರಗುತ್ತದೆ ಮತ್ತು ವಿಷಕಾರಿ. ತಾಮ್ರವನ್ನು ಪರ್‌ಕಾರ್ಬೊನೇಟಿನಲ್ಲಿ ಬಹಳ ಹೊತ್ತು ಬಿಟ್ಟರೆ ಕಪ್ಪಾಗುತ್ತದೆ. ಹಿತ್ತಾಳೆಯ ಹೊಸ ಬಿಡಿಭಾಗಗಳ ಮೇಲ್ಮೈಯಲ್ಲಿ ಸ್ವಲ್ಪ ಸೀಸ ಇರಬಹುದಾದ್ದರಿಂದ, ಎರಡು ಭಾಗ ವಿನೆಗರಿಗೆ ಒಂದು ಭಾಗ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ, ಬಣ್ಣ ಬೆಣ್ಣೆಯಂತೆ ತಿಳಿಹಳದಿಯಾಗುವವರೆಗೆ ಕೆಲವು ನಿಮಿಷ ಅದ್ದಿ ತೆಗೆಯುವ ಪದ್ಧತಿ ಇದೆ. ದ್ರಾವಣ ಹಸಿರಾಗತೊಡಗಿದರೆ ತಾಮ್ರವೇ ಕರಗುತ್ತಿದೆ ಎಂದರ್ಥ, ಕೂಡಲೇ ತೆಗೆಯಬೇಕು. ಗಾಜಿನ ದೊಡ್ಡ ಜಾಡಿಗಳಲ್ಲಿ ರಾಸಾಯನಿಕಕ್ಕಿಂತ ಪಾತ್ರೆಯದೇ ಅಪಾಯ ಹೆಚ್ಚು. ಕ್ಷಾರ ತಾಗಿದ ಗಾಜು ಕೈಯಲ್ಲಿ ನಿಲ್ಲದಷ್ಟು ಜಾರುತ್ತದೆ, ತಣ್ಣಗಿನ ಗಾಜಿಗೆ ಬಿಸಿ ನೀರು ಬಿದ್ದರೆ ಸೀಳುತ್ತದೆ.

ಪಾತ್ರೆಗಳಿಗಿಂತ ಹೆಚ್ಚಾಗಿ ಬಿಯರನ್ನು ಕೆಡಿಸುವುದು ಕಣ್ಣಿಗೆ ಕಾಣದ ಜಾಗಗಳು. ಬಾಲ್ ವಾಲ್ವಿನ ಗುಂಡಿನ ಹಿಂದೆ ಪ್ರತಿ ಸಲವೂ ಸ್ವಲ್ಪ ವರ್ಟ್ ಸಿಕ್ಕಿಕೊಂಡು ಕೊಳೆಯುತ್ತದೆ, ಆದ್ದರಿಂದ ಬಿಚ್ಚಲು ಬರುವ ವಾಲ್ವನ್ನೇ ಕೊಳ್ಳಬೇಕು ಮತ್ತು ಅದನ್ನು ನಿಜವಾಗಿ ಬಿಚ್ಚಬೇಕು. ಕೆಗ್ಗಿನ ಒಳಗಿನ ಉದ್ದ ಕೊಳವೆ, ಪೋಸ್ಟುಗಳು (ಹೊರಗಿನ ಕೊಳವೆ ಜೋಡಿಸುವ ಮೂತಿಗಳು), ರಬ್ಬರ್ ಉಂಗುರಗಳು ಇವಕ್ಕೂ ಇದೇ ಮಾತು. ತೆಳುವಾದ ಲೋಹದ ತಟ್ಟೆಗಳನ್ನು ಬೆಸೆದು ಮಾಡಿದ ಪ್ಲೇಟ್ ಚಿಲ್ಲರನ್ನು ಬಿಚ್ಚಲು ಬರುವುದಿಲ್ಲ, ಒಳಗೆ ನೋಡಲೂ ಬರುವುದಿಲ್ಲ. ಕೆಲಸ ಮುಗಿದ ತಕ್ಷಣ ಹಿಮ್ಮುಖವಾಗಿ ನೀರು ಹಾಯಿಸಿ, ಆಮೇಲೆ ಬಿಸಿ ಕ್ಷಾರದ ದ್ರಾವಣವನ್ನು ಪಂಪಿನಿಂದ ಸುತ್ತಾಡಿಸುವುದೊಂದೇ ದಾರಿ. ಬಿಯರ್ ಹರಿಯುವ ಕೊಳವೆಗಳನ್ನು ಎರಡು ವಾರಕ್ಕೊಮ್ಮೆ ಕ್ಷಾರದಿಂದ, ಮೂರು ತಿಂಗಳಿಗೊಮ್ಮೆ ಆಮ್ಲದಿಂದ ತೊಳೆಯಬೇಕೆಂಬುದು ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಕೊಡುವ ಸಲಹೆ, ಮನೆಯಲ್ಲೂ ಅದು ಪಾಲಿಸತಕ್ಕದ್ದೇ. ಪಾರದರ್ಶಕ ವಿನೈಲ್ ಕೊಳವೆ ಮಬ್ಬಾದರೆ ತೊಳೆಯುವ ಪ್ರಯತ್ನಕ್ಕಿಂತ ಬದಲಿಸುವುದೇ ಲೇಸು. ಸಿಲಿಕೋನ್ ಕೊಳವೆಯನ್ನಾದರೆ ನೀರಿನಲ್ಲಿ ಕುದಿಸಬಹುದು.

ತೊಳೆದ ನಂತರ ಜಾಲಾಡುವುದನ್ನು ಅವಸರದಲ್ಲಿ ಮುಗಿಸಬಾರದು. ಕ್ಷಾರ ಉಳಿದಿದ್ದರೆ ಬೆರಳಿಗೆ ಜಾರಿಕೆ ತಿಳಿಯುತ್ತದೆ, ಅದು ಹೋಗುವವರೆಗೆ ಬೆಚ್ಚಗಿನ ನೀರು ಹಾಯಿಸಬೇಕು. ಸ್ಟೀಲ್ ಅಥವಾ ಗಾಜು ಶುಚಿಯಾಗಿದೆಯೇ ಎಂದು ನೋಡಲು ನೀರೇ ಸಾಕ್ಷಿ: ಶುಚಿಯಾದ ಮೇಲ್ಮೈ ಮೇಲೆ ನೀರು ತೆಳುವಾದ ಹಾಳೆಯಂತೆ ಒಂದೇ ಸಮನೆ ಇಳಿಯುತ್ತದೆ, ಜಿಡ್ಡು ಉಳಿದ ಕಡೆ ಒಡೆದು ಹನಿಗಟ್ಟುತ್ತದೆ. ಪ್ಲಾಸ್ಟಿಕ್ ಸ್ವಭಾವತಃ ನೀರನ್ನು ತಳ್ಳುವುದರಿಂದ ಅದಕ್ಕೆ ಈ ಪರೀಕ್ಷೆ ಸಲ್ಲದು. ಅಲ್ಲಿ ಮೂಗನ್ನೇ ನಂಬಬೇಕು.

ಇಷ್ಟು ಆದ ಮೇಲೆ ಸ್ಯಾನಿಟೈಸರಿನ ಸರದಿ. ಸ್ಟಾರ್ ಸ್ಯಾನ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದದ್ದು ಫಾಸ್ಫಾರಿಕ್ ಆಮ್ಲ ಮತ್ತು ಒಂದು ಆಮ್ಲೀಯ ಸರ್ಫ್ಯಾಕ್ಟೆಂಟಿನ ಮಿಶ್ರಣ. ಲೀಟರಿಗೆ ಸುಮಾರು 1.5 ಮಿಲಿಲೀಟರ್ ಹಾಕಿ ಒಂದೆರಡು ನಿಮಿಷ ಒದ್ದೆಯಾಗಿ ಇಟ್ಟರೆ ಸಾಕು, ಮತ್ತೆ ತೊಳೆಯಬೇಕಿಲ್ಲ. ಅದರ ಶಕ್ತಿ ಇರುವುದು ಪಿಎಚ್ 3ಕ್ಕಿಂತ ಕೆಳಗೆ ಇರುವವರೆಗೆ. ಶುದ್ಧೀಕರಿಸಿದ ಮೆದು ನೀರಿನಲ್ಲಿ ಕಲಸಿದ್ದು ವಾರಗಟ್ಟಲೆ ಕೆಲಸಕ್ಕೆ ಬರುತ್ತದೆ, ಗಡಸು ನೀರಿನಲ್ಲಿ ಬೇಗ ಮಬ್ಬಾಗುತ್ತದೆ. ಕ್ಷಾರದ ಕ್ಲೀನರನ್ನು ಸರಿಯಾಗಿ ಜಾಲಾಡದಿದ್ದರೆ ಈ ಆಮ್ಲ ಅಲ್ಲೇ ಶಮನಗೊಂಡು ನಿಷ್ಪ್ರಯೋಜಕವಾಗುತ್ತದೆ ಎಂಬುದನ್ನು ನೆನಪಿಡಬೇಕು. ಪಾತ್ರೆಯಲ್ಲಿ ಉಳಿಯುವ ನೊರೆಗೆ ಹೆದರಬೇಕಿಲ್ಲ, ವರ್ಟಿನಲ್ಲಿ ಅದು ತೆಳುವಾಗಿ ಯೀಸ್ಟಿಗೆ ತೊಂದರೆ ಮಾಡದಷ್ಟಾಗುತ್ತದೆ. ಅಯೋಡಿನ್ ಇರುವ ಅಯೋಡೋಫೋರ್ ಎಂಬ ಸ್ಯಾನಿಟೈಸರ್ ಕೂಡ ಒಳ್ಳೆಯ ಆಯ್ಕೆಯೇ, 12.5ರಿಂದ 25 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಅಷ್ಟು ಭಾಗ) ಪ್ರಮಾಣದಲ್ಲಿ ಒಂದೆರಡು ನಿಮಿಷ ಸಾಕಾಗುತ್ತದೆ. ಪ್ಲಾಸ್ಟಿಕ್ಕಿಗೆ ಕಂದು ಕಲೆ ಹಿಡಿಸುವುದು ಅದರ ದೋಷ, ಆದರೆ ದ್ರಾವಣದ ಬಣ್ಣ ಮಾಸಿದಾಗ ಶಕ್ತಿ ಮುಗಿದಿದೆ ಎಂದು ತಾನೇ ತಿಳಿಸುವುದು ಅದರ ಗುಣ.

ಕ್ಲೋರಿನ್ ಬ್ಲೀಚ್ ಜೀವಿಗಳನ್ನು ಚೆನ್ನಾಗಿ ಕೊಲ್ಲುತ್ತದೆ ಎಂಬುದರಲ್ಲಿ ಸಂದೇಹವಿಲ್ಲ, ಆದರೂ ಅದನ್ನು ನಾನು ಬಿಯರ್ ಪಾತ್ರೆಗಳ ಹತ್ತಿರ ತರಲು ಒಪ್ಪುವುದಿಲ್ಲ. ಉಳಿದ ಕ್ಲೋರಿನ್ ವರ್ಟಿನ ಫೀನಾಲುಗಳೊಂದಿಗೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ, ಮತ್ತು ಆಸ್ಪತ್ರೆಯ ಬ್ಯಾಂಡೇಜಿನ ವಾಸನೆಯ ಈ ವಸ್ತು ಅತ್ಯಲ್ಪ ಪ್ರಮಾಣದಲ್ಲಿದ್ದರೂ ನಾಲಗೆಗೆ ಗೊತ್ತಾಗುತ್ತದೆ. ಅದನ್ನು ತಪ್ಪಿಸಲು ಪಾತ್ರೆಯನ್ನು ಮತ್ತೆ ತೊಳೆಯಬೇಕು, ತೊಳೆಯುವ ನೀರನ್ನು ಕುದಿಸಿ ಆರಿಸಿರಬೇಕು. ಎಲ್ಲಕ್ಕಿಂತ ಮಿಗಿಲಾದ ಅಪಾಯವೆಂದರೆ, ಬ್ಲೀಚಿಗೆ ವಿನೆಗರ್, ಸಿಟ್ರಿಕ್, ಆಮ್ಲೀಯ ಸ್ಯಾನಿಟೈಸರ್ ಹೀಗೆ ಯಾವ ಆಮ್ಲ ಸೇರಿದರೂ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯಾ ಸೇರಿದರೆ ಅಷ್ಟೇ ಅಪಾಯದ ಕ್ಲೋರಮೈನ್ ಏಳುತ್ತದೆ. ಆಮ್ಲಗಳನ್ನು ಇಡುವ ಕಪಾಟಿನಲ್ಲಿ ಬ್ಲೀಚ್ ಇರಲೇಬಾರದು.

ವೈನ್ ಕೆಡದಂತೆ ಇಡಲು ಅದರ ತಯಾರಕರು ಬಳಸುವ ಮೆಟಾಬೈಸಲ್ಫೈಟ್ ಎಂಬ ಲವಣವನ್ನು ಕೆಲವರು ಪಾತ್ರೆಗಳಿಗೂ ಬಳಸುತ್ತಾರೆ. ಅದರ ಪರಿಣಾಮ ಆಮ್ಲೀಯತೆಯನ್ನು ಅವಲಂಬಿಸಿದ್ದು, ಬರಿಯ ನೀರಿನಲ್ಲಿ ಕಲಸಿದ ದ್ರಾವಣವನ್ನು ಬಿಯರ್ ಪಾತ್ರೆಗೆ ಸ್ಯಾನಿಟೈಸರ್ ಎಂದು ನೆಚ್ಚಿಕೊಳ್ಳಲಾಗದು. ಆಲ್ಕೋಹಾಲನ್ನು ಸಿಂಪಡಿಸುವುದಾದರೆ ಶೇಕಡಾ 70ರ ದ್ರಾವಣವೇ ಶುದ್ಧ ಆಲ್ಕೋಹಾಲಿಗಿಂತ ಪರಿಣಾಮಕಾರಿ, ಏಕೆಂದರೆ ಜೀವಕೋಶದ ಪ್ರೋಟೀನ್ ಕೆಡಲು ನೀರಿನ ಅಂಶ ಬೇಕು. ಅದನ್ನು ಉರಿಯ ಬಳಿ ಬಳಸಬಾರದು. ಕುದಿಪಾತ್ರೆಯಲ್ಲಿ ಮುಳುಗಿಸುವ ಚಿಲ್ಲರಿಗೆ ಯಾವ ಸ್ಯಾನಿಟೈಸರೂ ಬೇಡ, ಕುದಿ ಮುಗಿಯುವ 15 ನಿಮಿಷ ಮೊದಲು ಅದನ್ನು ವರ್ಟಿಗೆ ಇಳಿಸಿದರೆ ಶಾಖವೇ ಕೆಲಸ ಮಾಡುತ್ತದೆ.

ತೊಳೆದ ಪಾತ್ರೆಯನ್ನು ಮುಂದಿನ ಸಲಕ್ಕೆ ಎತ್ತಿಡುವಾಗ ಸ್ಯಾನಿಟೈಸ್ ಮಾಡುವ ಅಗತ್ಯವಿಲ್ಲ, ಅದು ಬಳಕೆಗೆ ತೀರ ಮುಂಚೆ ಮಾಡಬೇಕಾದ ಕೆಲಸ. ಎತ್ತಿಡುವಾಗ ಬೇಕಾದದ್ದು ಪೂರ್ತಿ ಒಣಗಿರುವುದು. ಮುಚ್ಚಳ ತೆರೆದು, ಬೋರಲು ಹಾಕಿ, ವಾಲ್ವುಗಳನ್ನು ಬಿಚ್ಚಿಟ್ಟು ಒಣಗಿಸಬೇಕು, ಏಕೆಂದರೆ ಮುಚ್ಚಿದ ಪಾತ್ರೆಯಲ್ಲಿ ಉಳಿದ ತೇವ ಒಂದೆರಡು ವಾರದಲ್ಲಿ ಬೂಷ್ಟು ತರಿಸುತ್ತದೆ. ಪರ್‌ಕಾರ್ಬೊನೇಟ್ ಪುಡಿಯನ್ನೂ ತೇವ ತಾಗದ ಜಾಗದಲ್ಲಿ, ಆಮ್ಲಗಳಿಂದ ದೂರದಲ್ಲಿ ಇಡಬೇಕು. ಕಲಸಿಟ್ಟ ಸ್ಯಾನಿಟೈಸರಿನ ಬಾಟಲಿಯ ಮೇಲೆ ಹೆಸರನ್ನೂ ಕಲಸಿದ ದಿನಾಂಕವನ್ನೂ ಬರೆದಿಡಬೇಕು. ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಹಳೆಯ ಬಾಟಲಿಗಳನ್ನು ಇದಕ್ಕೆ ಎಂದೂ ಬಳಸಬಾರದು.